ಈಜಿಪ್ತದ ಕಲ್ಲು, ನಮ್ಮ ಸೀಮೆಯ ಕಲ್ಲು



ಜತ್ತ, ಮಿರಜ, ಶಿರೋಳ, ಅಥಣಿ, ಚಿಕ್ಕೋಡಿ ಸೀಮೆಯ ಹಳ್ಳಿಗಳಲ್ಲಿ ಕುಳಿತು ಕನ್ನಡದಲ್ಲಿ ಈ ಕಾರ್ಯಕ್ರಮವನ್ನು ಕೇಳುತ್ತಿರುವ ನಿಮಗೆ ಇಂದು ಒಂದು ದೂರದೇಶದ ಸಂಗತಿಯನ್ನು ಹೇಳಬೇಕೆಂದಿದ್ದೇನೆ. ಆ ದೇಶ ಈಜಿಪ್ತ. ಪಿರಮಿಡ್ಡುಗಳ ದೇಶ, ಮರುಭೂಮಿಯ ದೇಶ ಎಂದು ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲಿ ಓದುತ್ತಾರೆ. ಈಚೆಗೆ ನಾನೂ ನನ್ನ ಮನೆಯವರೂ ಒಂದು ಪ್ರವಾಸಿ ತಂಡದೊಡನೆ ಹತ್ತು ದಿನ ಆ ದೇಶವನ್ನು ಸುತ್ತಿ ಬಂದೆವು. ತಂಡದವರೆಲ್ಲ ಸಾಂಗಲಿ, ಕೊಲ್ಹಾಪುರದ ಕಡೆಯವರು. ಬಸ್ಸಿನಲ್ಲಿ ಮರಾಠಿ, ನಾವಿಬ್ಬರೇ ಇದ್ದಾಗ ಕನ್ನಡ. ಇದು ನಮಗೂ ಹೊಸದಲ್ಲ, ನಿಮಗೂ ಹೊಸದಲ್ಲ. ಆದರೆ ಎರಡು ಭಾಷೆಯ ನಡುವೆ ಬಾಳುವ ನಮ್ಮಂಥವರಿಗೆ ಆ ದೇಶದಲ್ಲಿ ಕೆಲವು ಸಂಗತಿಗಳು ಬೇರೆಯೇ ರೀತಿಯಲ್ಲಿ ಕಾಣುತ್ತವೆ. ಅವುಗಳನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನೆಲದ ಮಾತು. ಈಜಿಪ್ತದ ವಿಸ್ತೀರ್ಣ ಸುಮಾರು 10 ಲಕ್ಷ ಚದರ ಕಿಲೋಮೀಟರು. ಅಂದರೆ ನಮ್ಮ ಮಹಾರಾಷ್ಟ್ರದಂಥ ಮೂರು ರಾಜ್ಯಗಳನ್ನು ಕೂಡಿಸಿದಷ್ಟು. ಜನಸಂಖ್ಯೆ 10 ಕೋಟಿಗೂ ಹೆಚ್ಚು. ಆದರೆ ಇಷ್ಟು ಜನರಲ್ಲಿ ಬಹುತೇಕರು ವಾಸವಾಗಿರುವುದು ನೂರರಲ್ಲಿ ಐದು ಪಾಲಿನಷ್ಟು ನೆಲದ ಮೇಲೆ. ಉಳಿದದ್ದೆಲ್ಲ ಮರಳು, ಬೋಳು ಗುಡ್ಡ, ಕಲ್ಲು. ವಿಮಾನದ ಕಿಟಕಿಯಿಂದ ನೋಡಿದರೆ ಕಂದುಬಣ್ಣದ ಕಂಬಳಿಯ ಮೇಲೆ ಯಾರೋ ಹಸಿರು ದಾರವೊಂದನ್ನು ಇಟ್ಟ ಹಾಗೆ ಕಾಣುತ್ತದೆ. ಆ ದಾರವೇ ನೈಲ್ ನದಿ ಮತ್ತು ಅದರ ದಂಡೆಯ ಹೊಲಗಳು.

ಪ್ರಾಚೀನ ಈಜಿಪ್ತದವರು ತಮ್ಮ ನಾಡಿಗೆ ಎರಡು ಹೆಸರು ಇಟ್ಟುಕೊಂಡಿದ್ದರು. ನದಿಯ ಮಣ್ಣು ಬಿದ್ದು ಬೆಳೆ ಬರುವ ನೆಲ ‘ಕೆಮೆತ್’, ಅಂದರೆ ಕರಿಯ ನೆಲ. ಮರುಭೂಮಿ ‘ದೆಶ್ರೆತ್’, ಅಂದರೆ ಕೆಂಪು ನೆಲ. ನಮ್ಮ ಹಿರಿಯರು ಎರಿ, ಮಡ್ಡಿ ಎಂದು ವಿಂಗಡಿಸುವುದಿಲ್ಲವೇ, ಅದೇ ರೀತಿ. ಕೃಷ್ಣೆಯ ದಂಡೆಯ ಕಬ್ಬು, ಅರಿಷಿಣದ ಹೊಲಗಳನ್ನು ಬಿಟ್ಟು ಜತ್ತದ ಪೂರ್ವಕ್ಕೆ ಉಮದಿ, ಸಂಖದ ಕಡೆಗೆ ಹೊರಟರೆ ಹಸಿರು ತೆಳ್ಳಗಾಗುತ್ತ ಹೋಗಿ ಬರಗಾಲದ ನೆಲ ಬರುತ್ತದೆ. ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ ಜತ್ತದ ಕಡೆಗೆ ಕಳಿಸುವ ಯೋಜನೆ ನಮಗೆ ಎಷ್ಟು ದೊಡ್ಡದು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆದರೆ ನಮ್ಮಲ್ಲಿ ಹಸಿರು ಹೋಗಿ ಒಣನೆಲ ಬರಲು ಐವತ್ತು ಅರವತ್ತು ಕಿಲೋಮೀಟರು ಬೇಕು. ಅಲ್ಲಿ ಒಂದು ಹೆಜ್ಜೆ ಸಾಕು. ಒಂದು ಕಾಲು ಗೋದಿಯ ಹೊಲದಲ್ಲಿ, ಇನ್ನೊಂದು ಕಾಲು ಮರಳಿನಲ್ಲಿ ಇಟ್ಟು ನಿಲ್ಲಬಹುದು.

ಮರುಭೂಮಿಯನ್ನು ನಾವು ಸರಿಯಾಗಿ ನೋಡಿದ್ದು ಅಸ್ವಾನ್ ಪಟ್ಟಣದಿಂದ ದಕ್ಷಿಣಕ್ಕೆ ಅಬು ಸಿಂಬೆಲ್ ಎಂಬ ಸ್ಥಳಕ್ಕೆ ಹೋಗುವಾಗ. ಸುಮಾರು 280 ಕಿಲೋಮೀಟರು ದಾರಿ. ಬೆಳಗಿನ ನಾಲ್ಕು ಗಂಟೆಗೆ ಬಸ್ಸು ಹೊರಟಿತು. ಸೂರ್ಯ ಹುಟ್ಟುವಾಗ ಮರಳು ಮೊದಲು ಬೂದಿಬಣ್ಣ, ಆಮೇಲೆ ಗುಲಾಬಿ, ಆಮೇಲೆ ಬೆಲ್ಲದ ಬಣ್ಣಕ್ಕೆ ತಿರುಗಿತು. ಹತ್ತು ಗಂಟೆಯ ಹೊತ್ತಿಗೆ ದೂರದಲ್ಲಿ ದೊಡ್ಡ ಕೆರೆಯೊಂದು ಹೊಳೆಯತೊಡಗಿತು. ಹತ್ತಿರ ಹೋದಂತೆ ಕೆರೆ ಹಿಂದೆ ಸರಿಯಿತು. ಬಿಸಿಲುಗುದುರೆ ಎಂಬ ಶಬ್ದವನ್ನು ಚಿಕ್ಕಂದಿನಿಂದ ಕೇಳಿದ್ದೆ, ಅದನ್ನು ಕಣ್ಣಾರೆ ಕಂಡದ್ದು ಅಲ್ಲಿ. ಮರವಿಲ್ಲ, ಹಕ್ಕಿಯಿಲ್ಲ, ಬಸ್ಸು ನಿಂತರೆ ನಮ್ಮ ಉಸಿರೇ ನಮಗೆ ಕೇಳಿಸುತ್ತದೆ.

ಇನ್ನು ಪಿರಮಿಡ್ಡುಗಳು. ಕೈರೊ ಪಟ್ಟಣದ ಅಂಚಿನಲ್ಲಿ ಗೀಜಾ ಎಂಬಲ್ಲಿ ಮೂರು ದೊಡ್ಡ ಪಿರಮಿಡ್ಡುಗಳಿವೆ. ಅವುಗಳಲ್ಲಿ ಎಲ್ಲಕ್ಕೂ ದೊಡ್ಡದು ಖುಫು ಎಂಬ ರಾಜನದು. ಕ್ರಿಸ್ತನಿಗಿಂತ ಸುಮಾರು 2560 ವರ್ಷ ಹಿಂದಿನದು. ಕಟ್ಟಿದಾಗ ಅದರ ಎತ್ತರ 146 ಮೀಟರಿಗಿಂತ ತುಸು ಹೆಚ್ಚು ಇತ್ತು, ತುದಿ ಸವೆದು ಈಗ ಸುಮಾರು 138 ಮೀಟರು ಉಳಿದಿದೆ. ನೀವು ವಿಜಯಪುರದ ಗೋಳಗುಮ್ಮಟವನ್ನು ನೋಡಿರುತ್ತೀರಿ. ಅದು ಸುಮಾರು 51 ಮೀಟರು. ಒಂದರ ಮೇಲೊಂದು ಎರಡೂವರೆ ಗೋಳಗುಮ್ಮಟ ಇಟ್ಟರೂ ಪಿರಮಿಡ್ಡಿನ ತುದಿ ಇನ್ನೂ ಮೇಲೆ ಉಳಿಯುತ್ತದೆ. ಅದರಲ್ಲಿ 20 ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ, ಒಂದೊಂದೂ ಸರಾಸರಿ ಎರಡೂವರೆ ಟನ್ನು.

ಇದನ್ನು ಗುಲಾಮರನ್ನು ಹೊಡೆದು ಬಡಿದು ಕಟ್ಟಿಸಿದರು ಎಂದು ಬಹುಕಾಲ ಹೇಳುತ್ತಿದ್ದರು. 1990ರ ನಂತರ ಪಿರಮಿಡ್ಡಿನ ಮಗ್ಗುಲಲ್ಲೇ ನಡೆದ ಉತ್ಖನನದಲ್ಲಿ ಕೆಲಸಗಾರರ ಊರು, ರೊಟ್ಟಿ ಸುಡುವ ಭಟ್ಟಿಗಳು, ಅವರನ್ನು ಮರ್ಯಾದೆಯಿಂದ ಹೂಳಿದ ಸಮಾಧಿಗಳು ಸಿಕ್ಕವು. ಅವರು ಗುಲಾಮರಲ್ಲ, ಹೊಟ್ಟೆತುಂಬ ಉಂಡು ಪಾಳಿಯ ಮೇಲೆ ದುಡಿದ ಜನ ಎಂದು ಈಗ ವಿದ್ವಾಂಸರು ಹೇಳುತ್ತಾರೆ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್ ಎಂಬಲ್ಲಿ ಫ್ರಾನ್ಸಿನ ವಿದ್ವಾಂಸ ಪಿಯೆರ್ ತಾಲೆ ಅವರ ತಂಡಕ್ಕೆ ಹಳೆಯ ಪಪೈರಸ್ ಸುರುಳಿಗಳು ಸಿಕ್ಕವು. ಪಪೈರಸ್ ಎಂದರೆ ಜೊಂಡಿನಂಥ ಒಂದು ಗಿಡದಿಂದ ಮಾಡಿದ ಕಾಗದ. ಅವುಗಳಲ್ಲಿ ಮೆರೆರ್ ಎಂಬ ಮುಕಾದಮನ ದಿನಚರಿ ಇದೆ. ಅವನ ಕೈಕೆಳಗೆ ಸುಮಾರು 40 ಜನರ ಟೋಳಿ. ಇಂಥ ದಿನ ಕ್ವಾರಿಯಲ್ಲಿ ಸುಣ್ಣಗಲ್ಲು ತುಂಬಿದೆವು, ಇಂಥ ದಿನ ದೋಣಿ ಗೀಜಾಕ್ಕೆ ತಲುಪಿತು ಎಂದು ದಿನದಿನದ ಲೆಕ್ಕ. ಕಾರಖಾನೆಯ ಹಂಗಾಮಿನಲ್ಲಿ ಕಬ್ಬು ಕಡಿಯುವ ಟೋಳಿಗಳ ಲೆಕ್ಕವನ್ನು ನಮ್ಮ ಮುಕಾದಮರು ಬರೆದಿಡುತ್ತಾರಲ್ಲ, ಅಂಥದೇ. ಲೋಕದಲ್ಲಿ ಈವರೆಗೆ ಸಿಕ್ಕ ಬರಹವಿರುವ ಪಪೈರಸ್ಸುಗಳಲ್ಲಿ ಅತ್ಯಂತ ಹಳೆಯವು ಇವೇ. ರಾಜ ತನ್ನ ಹೆಸರಿಗೆ ಪರ್ವತದಂಥ ಪಿರಮಿಡ್ಡು ಕಟ್ಟಿಸಿದ. ಅದು ಹೇಗೆ ಕಟ್ಟಿತು ಎಂದು ನಮಗೆ ತಿಳಿಸಿದ್ದು ಒಬ್ಬ ಮುಕಾದಮನ ಬರವಣಿಗೆ.

ನದಿಯ ದಂಡೆಯಲ್ಲಿರುವ ನಮಗೆ ಮೆಚ್ಚುಗೆಯಾಗುವ ಇನ್ನೊಂದು ಸ್ಥಳ ಕೈರೊದ ರೋಡಾ ನಡುಗಡ್ಡೆಯಲ್ಲಿದೆ. ಅದನ್ನು ನೈಲೋಮೀಟರ್ ಎನ್ನುತ್ತಾರೆ. ಕ್ರಿ.ಶ. 861ರಲ್ಲಿ ಕಟ್ಟಿದ್ದು. ಆಳವಾದ ಕಲ್ಲಿನ ಬಾವಿ, ಇಳಿಯಲು ಮೆಟ್ಟಿಲು, ನಟ್ಟನಡುವೆ ಒಂದು ಕಂಬ. ಕಂಬದ ಮೇಲೆ ಮೊಳದ ಗುರುತುಗಳು. ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆಯ ನೀರು ಎಷ್ಟು ಅಡಿ ಏರಿತೆಂದು ಮಳೆಗಾಲದಲ್ಲಿ ನಾವೆಲ್ಲ ಕೇಳುತ್ತ ಕೂಡುವುದಿಲ್ಲವೇ? 2019ರ ಆಗಸ್ಟಿನಲ್ಲಿ ಅದು 57 ಅಡಿ ದಾಟಿದ್ದನ್ನು ಮರೆತವರಿಲ್ಲ. ಈಜಿಪ್ತದವರೂ ಹಾಗೆಯೇ ಕಂಬ ನೋಡುತ್ತ ಕೂಡುತ್ತಿದ್ದರು, ಆದರೆ ಅವರಿಗೆ ಹೊಳೆ ಬರಲಿ ಎಂಬ ಹಾರೈಕೆ. ಮಳೆಯೇ ಇಲ್ಲದ ನಾಡು, ಹೊಳೆ ಬಂದು ಹೊಸ ಮಣ್ಣು ಹಾಸಿದರೆ ಬೆಳೆ, ಇಲ್ಲದಿದ್ದರೆ ಉಪವಾಸ. 16 ಮೊಳ ಏರಿದರೆ ಸುಭಿಕ್ಷ, 12ಕ್ಕೇ ನಿಂತರೆ ಬರಗಾಲ ಎಂಬುದು ಹಳೆಯ ಲೆಕ್ಕ. ಆ ವರ್ಷದ ತೆರಿಗೆಯೂ ಕಂಬವನ್ನು ನೋಡಿಯೇ ನಿಶ್ಚಯವಾಗುತ್ತಿತ್ತು. 1970ರಲ್ಲಿ ಅಸ್ವಾನಿನ ದೊಡ್ಡ ಅಣೆಕಟ್ಟು ಮುಗಿದ ಮೇಲೆ ನೈಲ್ ನದಿಗೆ ಮೊದಲಿನಂತೆ ಮಹಾಪೂರ ಬರುವುದು ನಿಂತುಹೋಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದ ಸಂಗತಿಗೆ ಬರುತ್ತೇನೆ. ಈಜಿಪ್ತದ ಗುಡಿಗಳಲ್ಲಿ ಕಾಲಿಟ್ಟರೆ ಖಾಲಿ ಗೋಡೆಯೆಂಬುದೇ ಇಲ್ಲ. ಲಕ್ಸರ್ ಪಟ್ಟಣದ ಕಾರ್ನಾಕ್ ಗುಡಿಯಲ್ಲಿ ಒಂದೇ ಸಭಾಮಂಟಪದಲ್ಲಿ 134 ಕಂಬಗಳಿವೆ. ನಾಲ್ಕಾರು ಜನ ಕೈ ಕೈ ಹಿಡಿದು ನಿಂತರೂ ಒಂದು ದೊಡ್ಡ ಕಂಬವನ್ನು ಸುತ್ತುವರಿಯಲಾಗದು. ಕಂಬದ ಬುಡದಿಂದ ತುದಿಯವರೆಗೆ ಚಿತ್ರಲಿಪಿ. ಹದ್ದು, ಹಾವು, ಕಣ್ಣು, ನೀರಿನ ಅಲೆ, ಕುಳಿತ ಮನುಷ್ಯ, ಇವೇ ಅಕ್ಷರಗಳು. ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ಜನ ಈ ಲಿಪಿಯಲ್ಲಿ ಬರೆದರು. ಆಮೇಲೆ ಅರಸರು ಬದಲಾದರು, ಆಡಳಿತದ ಭಾಷೆ ಗ್ರೀಕ್ ಆಯಿತು, ಧರ್ಮ ಬದಲಾಯಿತು, ಗುಡಿಗಳು ಮುಚ್ಚಿದವು. ಕಾಲ ಗೊತ್ತಿರುವ ಕೊನೆಯ ಚಿತ್ರಲಿಪಿ ಬರಹ ಅಸ್ವಾನಿನ ಹತ್ತಿರದ ಫೀಲೆ ಗುಡಿಯಲ್ಲಿದೆ. ಅದರ ತಾರೀಖು ಕ್ರಿ.ಶ. 394ರ ಆಗಸ್ಟ್ 24. ಅನಂತರ ಆ ಲಿಪಿಯಲ್ಲಿ ಬರೆಯುವವರೂ ಉಳಿಯಲಿಲ್ಲ, ಓದುವವರೂ ಉಳಿಯಲಿಲ್ಲ.

ಯೋಚಿಸಿ ನೋಡಿ. ಯುದ್ಧವಾಗಿ ಗೋಡೆ ಬೀಳಲಿಲ್ಲ, ಬೆಂಕಿ ಬಿದ್ದು ಕಂಬ ಸುಡಲಿಲ್ಲ. ಎಲ್ಲವೂ ನಿಂತೇ ಇತ್ತು. ಅದೇ ನದಿಯ ದಂಡೆಯಲ್ಲಿ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಉಳುತ್ತಿದ್ದರು. ಆದರೆ 1400 ವರ್ಷ ತಮ್ಮ ಅಜ್ಜಂದಿರು ಏನು ಬರೆದಿದ್ದಾರೆಂದು ಓದಬಲ್ಲವನು ಒಬ್ಬನೂ ಇರಲಿಲ್ಲ.

ಆ ಬೀಗ ತೆರೆದದ್ದು ಹೇಗೆ? 1799ರಲ್ಲಿ ನೆಪೋಲಿಯನ್ನನ ಸೈನಿಕರು ನೈಲ್ ನದಿ ಸಮುದ್ರ ಸೇರುವಲ್ಲಿ ರಶೀದ್ ಎಂಬ ಊರಿನ ಹಳೆಯ ಕೋಟೆಯನ್ನು ರಿಪೇರಿ ಮಾಡುತ್ತಿದ್ದರು. ಗೋಡೆಯೊಳಗೆ ಯಾರೋ ಹಿಂದೆ ಕಟ್ಟಡದ ಕಲ್ಲೆಂದು ಸೇರಿಸಿದ್ದ ಒಂದು ಕಪ್ಪುಕಲ್ಲು ಸಿಕ್ಕಿತು. ಅದರ ಮೇಲೆ ಒಂದೇ ಶಾಸನ ಎರಡು ಭಾಷೆಯಲ್ಲಿ, ಮೂರು ಲಿಪಿಯಲ್ಲಿ ಇತ್ತು. ಮೇಲೆ ಚಿತ್ರಲಿಪಿ, ನಡುವೆ ಈಜಿಪ್ತದವರ ದಿನಬಳಕೆಯ ಲಿಪಿ, ಕೆಳಗೆ ಗ್ರೀಕ್. ಕ್ರಿ.ಪೂ. 196ರ ಶಾಸನ. ಅರಸನು ತೆರಿಗೆ ಮಾಫಿ ಮಾಡಿದ್ದಕ್ಕೆ, ಗುಡಿಗಳಿಗೆ ದಾನ ಕೊಟ್ಟದ್ದಕ್ಕೆ ಪೂಜಾರಿಗಳು ಮಾಡಿದ ಗೌರವದ ಬರಹ. ಅದೇ ಪ್ರಸಿದ್ಧವಾದ ರೊಸೆಟಾ ಕಲ್ಲು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಗ್ರೀಕ್ ಓದಲು ಬಲ್ಲವರು ಇದ್ದರು. ಆದರೆ ಅಷ್ಟೇ ಸಾಕಾಗಲಿಲ್ಲ. ಫ್ರಾನ್ಸಿನ ಶಾಂಪೋಲಿಯೋಂ ಎಂಬ ವಿದ್ವಾಂಸ ಚಿಕ್ಕ ವಯಸ್ಸಿನಲ್ಲೇ ಕಾಪ್ಟಿಕ್ ಭಾಷೆ ಕಲಿತಿದ್ದ. ಪ್ರಾಚೀನ ಈಜಿಪ್ತದ ಭಾಷೆಯೇ ಮುಂದೆ ಗ್ರೀಕ್ ಅಕ್ಷರಗಳ ಉಡುಪು ತೊಟ್ಟು ಕಾಪ್ಟಿಕ್ ಆಗಿತ್ತು. ಊರಿನ ಮಾತೆಲ್ಲ ಅರಬಿಗೆ ತಿರುಗಿದ ಮೇಲೂ ಅಲ್ಲಿನ ಕ್ರೈಸ್ತರು ತಮ್ಮ ಪ್ರಾರ್ಥನೆಯಲ್ಲಿ ಅದನ್ನು ಬಿಡದೆ ಉಳಿಸಿಕೊಂಡಿದ್ದರು. ಆ ಭಾಷೆಯ ಶಬ್ದಗಳ ಸಹಾಯದಿಂದ ಶಾಂಪೋಲಿಯೋಂ 1822ರಲ್ಲಿ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದ. ಕಲ್ಲಿನ ಮೇಲೆ ಎರಡು ಭಾಷೆ ಇದ್ದದ್ದರಿಂದ, ಮತ್ತು ಸಂತೆಯಲ್ಲಿ ಅರಬಿ ಆಡುತ್ತಿದ್ದರೂ ಗುಡಿಯಲ್ಲಿ ಹಳೆಯ ನುಡಿಯನ್ನು ಬಿಡದ ಜನ ಇದ್ದದ್ದರಿಂದ ಒಂದು ನಾಡಿನ ಮೂರು ಸಾವಿರ ವರ್ಷದ ಬಾಯಿ ತೆರೆಯಿತು.

ಇದನ್ನು ಕೇಳುವಾಗ ಅಸ್ವಾನಿನ ಜನರ ಮಾತನ್ನೂ ಹೇಳಬೇಕು. ಅಲ್ಲಿಂದ ದಕ್ಷಿಣಕ್ಕೆ ಸುಡಾನ್ ದೇಶದ ಒಳಗಿನವರೆಗೆ ನೂಬಿಯನ್ನರೆಂಬ ಜನ ಇದ್ದಾರೆ. ಅವರದು ಅರಬಿಗಿಂತ ಬೇರೆ ಭಾಷೆ. ಒಂದು ಕಾಲಕ್ಕೆ ಅದಕ್ಕೆ ತನ್ನದೇ ಬರಹವೂ ಇತ್ತು. 1899ರಲ್ಲಿ ನಕಾಶೆಯ ಮೇಲೆ ಗೆರೆ ಎಳೆದಾಗ ಅವರ ಹಳ್ಳಿಗಳು ಆಚೆ ಈಚೆ ಹಂಚಿಹೋದವು. ಅಣೆಕಟ್ಟು ಕಟ್ಟಿದಾಗ ಈಜಿಪ್ತದ ಕಡೆಯ ಸುಮಾರು 50,000 ನೂಬಿಯನ್ನರು 1963-64ರಲ್ಲಿ ಊರು ಬಿಟ್ಟು ಉತ್ತರದ ಕೋಮ್ ಓಂಬೋ ಕಡೆಗೆ ಹೋಗಬೇಕಾಯಿತು. ಸುಡಾನಿನ ಕಡೆಯವರನ್ನು ಇನ್ನೂ ದೂರಕ್ಕೆ ಕಳಿಸಿದರು. ಬಾಗಲಕೋಟೆಯ ಕಡೆಗೆ ನಂಟರಿರುವವರಿಗೆ ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಹೋದವರ ಸಂಕಟ ಗೊತ್ತೇ ಇದೆ.

ಆಗ ಮುಳುಗಲಿದ್ದ ಗುಡಿಗಳನ್ನು ಉಳಿಸಲು ಯುನೆಸ್ಕೊ 1960ರಲ್ಲಿ ಲೋಕಕ್ಕೆಲ್ಲ ಕರೆಕೊಟ್ಟಿತು. ಎರಡನೆಯ ರಾಮ್ಸೆಸ್ ರಾಜ ಗುಡ್ಡ ಕೊರೆದು ಮಾಡಿಸಿದ ಅಬು ಸಿಂಬೆಲ್ ಗುಡಿಯನ್ನು 1964ರಿಂದ 1968ರವರೆಗೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, 65 ಮೀಟರು ಮೇಲೆ ಒಯ್ದು, ಮೊದಲಿನಂತೆಯೇ ಜೋಡಿಸಿದರು. ನಮ್ಮ ದೇಶದ ಪುರಾತತ್ವ ಇಲಾಖೆಯವರೂ ಬಿ. ಬಿ. ಲಾಲ್ ಅವರ ನೇತೃತ್ವದಲ್ಲಿ ನೂಬಿಯಾಕ್ಕೆ ಹೋಗಿ ಉತ್ಖನನ ಮಾಡಿ ಬಂದರು. ಗುಡಿಯನ್ನು ಕೊಯ್ದು ಮೇಲೆ ಇಟ್ಟದ್ದು ದೊಡ್ಡ ಕೆಲಸವೇ. ಆದರೆ ಊರನ್ನು ಹಾಗೆ ಎತ್ತಿ ಇಡಲಾಗುವುದಿಲ್ಲ, ಮಾತನ್ನಂತೂ ಇಡಲಾಗುವುದೇ ಇಲ್ಲ.

ಅಸ್ವಾನಿನಲ್ಲಿ ನಾವು ಹಾಯಿದೋಣಿಯಲ್ಲಿ ಕುಳಿತಾಗ ದೋಣಿಯವನು ವಯಸ್ಸಾದ ನೂಬಿಯನ್. ತನ್ನ ತಮ್ಮನೊಡನೆ ನೂಬಿಯನ್ ನುಡಿ, ದಂಡೆಯ ಅಂಗಡಿಯವನೊಡನೆ ಅರಬಿ, ನಮ್ಮೊಡನೆ ಹರಕು ಇಂಗ್ಲಿಷು. ನಾವು ಭಾರತದವರೆಂದು ತಿಳಿದು ‘ಅಮಿತಾಭ್ ಬಚ್ಚನ್’ ಎಂದು ಕೈ ಹಿಡಿದು ಕುಲುಕಿದ. ನನ್ನ ಮನೆಯವರು ಮೆಲ್ಲಗೆ ‘ಇವರೂ ನಮ್ಮಂಗ ಗಡೀ ಮಂದೀನ ಏನ್ರೀ?’ ಅಂದರು. ಮನೆಯಲ್ಲಿ ಮಕ್ಕಳು ಯಾವ ಮಾತು ಆಡುತ್ತಾರೆ ಎಂದು ಅವನನ್ನು ಕೇಳಿದೆ. ‘ಮೊಮ್ಮಗನಿಗೆ ನಮ್ಮ ಮಾತು ತಿಳಿಯುತ್ತದೆ, ಆದರೆ ಉತ್ತರ ಅರಬಿಯಲ್ಲಿ ಕೊಡುತ್ತಾನೆ’ ಎಂದ. ಈ ಮಾತನ್ನು ನಮ್ಮ ಕಡೆಯ ಎಷ್ಟು ಪಡಸಾಲೆಗಳಲ್ಲಿ ಕೇಳಿದ್ದೇನೆ!

ಅರಬಿ ಮಾತಿನಲ್ಲಿಯೂ ನಮಗೆ ಗುರುತು ಸಿಗುವ ಶಬ್ದಗಳಿವೆ. ಅಂಗಡಿಗೆ ‘ದುಕ್ಕಾನ್’, ಲೆಕ್ಕಕ್ಕೆ ‘ಹಿಸಾಬ್’, ಕುಳಿತುಕೊಳ್ಳಲು ‘ಕುರ್ಸಿ’, ಗಾಳಿಗೆ ‘ಹವಾ’, ಸಾಬೂನಿಗೆ ‘ಸಾಬೂನ್’. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನಾವು ನಮ್ಮವೆಂದೇ ಬಳಸುವ ಈ ಶಬ್ದಗಳು ಬಹಳ ದೂರ ನಡೆದು ಬಂದವುಗಳು. ರೊಟ್ಟಿಗೆ ಅವರು ‘ಐಷ್’ ಎನ್ನುತ್ತಾರೆ. ಅದಕ್ಕೆ ಬದುಕು ಎಂಬ ಅರ್ಥವೂ ಇದೆ.

ನಮಗೂ ಈಜಿಪ್ತಕ್ಕೂ ಹಿಂದೆ ಏನಾದರೂ ಸಂಬಂಧವಿತ್ತೇ ಎಂದು ನೀವು ಕೇಳಬಹುದು. ಇತ್ತು. ಕ್ರಿ.ಪೂ. 13ನೆಯ ಶತಮಾನದ ಎರಡನೆಯ ರಾಮ್ಸೆಸ್ ರಾಜನ ಮಮ್ಮಿಯ, ಅಂದರೆ ಕೆಡದಂತೆ ಕಾಪಾಡಿದ ಶವದ, ಮೂಗಿನ ಹೊಳ್ಳೆಗಳಲ್ಲಿ ಕಾಳುಮೆಣಸು ಸಿಕ್ಕಿದೆ. ಕೆಂಪು ಸಮುದ್ರದ ಬೆರೆನಿಕೆ ಎಂಬ ಹಾಳು ಬಂದರಿನಲ್ಲಿ ಭಾರತದ ಮಣ್ಣಿನ ಹರವಿಯೊಂದರಲ್ಲಿ ಸುಮಾರು ಏಳೂವರೆ ಕಿಲೋ ಮೆಣಸು ಹಾಗೆಯೇ ಉಳಿದಿತ್ತು. ಅಲ್ಲಿಯೇ ಬುದ್ಧನ ಮೂರ್ತಿಯೊಂದು ದೊರೆತ ಸುದ್ದಿ 2023ರಲ್ಲಿ ಪ್ರಕಟವಾಯಿತು. ಇನ್ನು ಕ್ರಿ.ಶ. 150ರ ಸುಮಾರಿಗೆ ಈಜಿಪ್ತದ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿ, ಬಾದಾಮಿ, ಬನವಾಸಿಗಳ ಹೆಸರನ್ನು ತನ್ನ ಉಚ್ಚಾರದಲ್ಲಿ ಬರೆದಿದ್ದಾನೆ. ಅವನು ಹೇಳುವ ‘ಬಲೆಯೊಕೂರೋಸ್’ ಎಂಬ ಅರಸನೇ ಕೊಲ್ಹಾಪುರದಲ್ಲಿ ಸಿಕ್ಕ ನಾಣ್ಯಗಳ ವಿಳಿವಾಯಕುರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಅಗೆದಾಗ ಗ್ರೀಕರ ಸಮುದ್ರದೇವತೆ ಪೊಸೈಡನ್ನನ ಕಂಚಿನ ಪುಟ್ಟ ಮೂರ್ತಿ ಸಿಕ್ಕಿತು. ಅದನ್ನು ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಮ್ಮಿನಲ್ಲಿ ನೋಡಬಹುದು.

ಎಲ್ಲಕ್ಕೂ ಸ್ವಾರಸ್ಯದ ಸಂಗತಿ ಒಂದು ನಾಟಕದ್ದು. ಕೈರೊದಿಂದ ದಕ್ಷಿಣಕ್ಕೆ ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆಗುಂಡಿಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರಿಗೆ ರಾಶಿರಾಶಿ ಪಪೈರಸ್ ದೊರೆಯಿತು. 1903ರಲ್ಲಿ ಅವರು ಪ್ರಕಟಿಸಿದ 413ನೆಯ ಪಪೈರಸ್ಸಿನಲ್ಲಿ ಗ್ರೀಕ್ ಪ್ರಹಸನವಿದೆ. ಕ್ರಿ.ಶ. 2ನೆಯ ಶತಮಾನದ್ದು. ಖಾರಿತಿಯನ್ ಎಂಬ ಗ್ರೀಕ್ ಹೆಣ್ಣುಮಗಳು ಭಾರತದ ಕರಾವಳಿಯ ಅರಸನೊಬ್ಬನ ಕೈಗೆ ಸಿಕ್ಕಿರುತ್ತಾಳೆ. ಅಣ್ಣತಮ್ಮಂದಿರ ಕಡೆಯವರು ಹಡಗಿನಲ್ಲಿ ಬಂದು, ಅರಸನಿಗೆ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅರಸನ ಮತ್ತು ಅವನ ಜನರ ಮಾತುಗಳು ಗ್ರೀಕ್ ಅಲ್ಲ, ಯಾವುದೋ ಬೇರೆ ಭಾಷೆ, ಗ್ರೀಕ್ ಅಕ್ಷರದಲ್ಲಿ ಬರೆದದ್ದು. ಅದು ಕನ್ನಡವಿರಬೇಕೆಂದು 1904ರಲ್ಲಿ ಜರ್ಮನಿಯ ಹುಲ್ಶ್ ಎಂಬ ಶಾಸನತಜ್ಞರು ಹೇಳಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಕಾಸರಗೋಡಿನ ಗಡಿಯ ಮಂಜೇಶ್ವರದ ಗೋವಿಂದ ಪೈಗಳು ಇದರ ಮೇಲೆ ದುಡಿದರು. ಬಾರ್ನೆಟ್ ಎಂಬವರು ಒಪ್ಪಲಿಲ್ಲ, ತುಳು ಇರಬೇಕೆಂದವರೂ ಇದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಒಂದು ಮಾತು ನಿಶ್ಚಿತ. ಹಲ್ಮಿಡಿ ಶಾಸನಕ್ಕಿಂತ ಸುಮಾರು 300 ವರ್ಷ ಹಿಂದಿನ ಆ ಹಾಳೆಯಲ್ಲಿ ಕನ್ನಡವನ್ನು ಹುಡುಕಲು ಎರಡೂ ಭಾಷೆ ಬಲ್ಲವರೇ ಬೇಕಾದರು. ಗೋವಿಂದ ಪೈಗಳ ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ. ಅವರೂ ಗಡಿನಾಡಿನವರೇ.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ಮುಂಬಯಿಯಿಂದ ಕೈರೊಗೆ ವಿಮಾನದಲ್ಲಿ ಸುಮಾರು ಆರು ತಾಸು. ವೀಸಾದ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲೇ ಸರಿಯಾಗಿ ವಿಚಾರಿಸಿಕೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ ಹವಾ ಚೆನ್ನ, ಬೆಳಗಿನ ಚಳಿಗೆ ಸ್ವೆಟರ್ ಬೇಕು. ಶಾಕಾಹಾರಿಗಳು ಹೆದರಬೇಕಾಗಿಲ್ಲ. ಅನ್ನ, ಬೇಳೆ, ಕಡಲೆ, ಶ್ಯಾವಿಗೆ ಬೆರೆಸಿದ ‘ಕೊಶರಿ’ ಬೀದಿಬೀದಿಯಲ್ಲಿ ಸಿಗುತ್ತದೆ. ಚಿಲ್ಲರೆ ಹಣ ಕಿಸೆಯಲ್ಲಿರಲಿ, ಬಕ್ಷೀಸು ಎಂಬ ಶಬ್ದ ಅಲ್ಲಿಯೂ ಅದೇ ಅರ್ಥದಲ್ಲಿ ಬಳಕೆಯಲ್ಲಿದೆ. ಗೀಜಾದ ದೊಡ್ಡ ಹೊಸ ಮ್ಯೂಸಿಯಮ್ 2025ರ ನವೆಂಬರಿನಲ್ಲಿ ವಿಧ್ಯುಕ್ತವಾಗಿ ತೆರೆಯಿತು. 1922ರಲ್ಲಿ ಹೋವರ್ಡ್ ಕಾರ್ಟರ್ ಕಂಡುಹಿಡಿದ ತೂತಂಖಾಮೆನ್ ರಾಜನ ಸಮಾಧಿಯ 5,000ಕ್ಕೂ ಹೆಚ್ಚು ವಸ್ತುಗಳನ್ನು ಅಲ್ಲಿ ಒಂದೇ ಕಡೆ ಇಟ್ಟಿದ್ದಾರೆ. ಅದಕ್ಕೆ ಇಡೀ ಒಂದು ದಿನ ಇರಲಿ. ಅಷ್ಟು ದೂರ ಹೋಗಲಾಗದವರು ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸಿನ ಸರಕಾರಿ ಮ್ಯೂಸಿಯಮ್ಮಿನಲ್ಲಿ ಈಜಿಪ್ತದ ಒಂದು ಮಮ್ಮಿಯನ್ನು ನೋಡಬಹುದು. ನಿಜಾಮನಿಗೆ ಕಾಣಿಕೆಯಾಗಿ ಬಂದದ್ದು ಅದು.

ಆದರೆ ಇವೆಲ್ಲಕ್ಕೂ ಮೊದಲು ನೋಡಬೇಕಾದ ಒಂದು ಸ್ಥಳ ನಮ್ಮ ಕೃಷ್ಣೆಯ ದಂಡೆಯಲ್ಲೇ ಇದೆ. ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ಗುಡಿ. ಶಿಲಾಹಾರರ ಕಾಲದ್ದು, 12ನೆಯ ಶತಮಾನದ್ದು. ಮೇಲೆ ದುಂಡಗೆ ಆಕಾಶಕ್ಕೆ ತೆರೆದ ಸ್ವರ್ಗಮಂಟಪವನ್ನು ನೋಡಲು ಎಲ್ಲಿಂದಲೋ ಜನ ಬರುತ್ತಾರೆ. ಅಲ್ಲಿ ಸುಮಾರು ಹನ್ನೆರಡು ಶಾಸನಗಳಿವೆ. ಯಾದವ ಸಿಂಘಣನ ಒಂದು ಶಾಸನ ಸಂಸ್ಕೃತದಲ್ಲಿ, ದೇವನಾಗರಿಯಲ್ಲಿದೆ. ಉಳಿದವೆಲ್ಲ ಕನ್ನಡದವು. ಅನೇಕ ಅಕ್ಷರಗಳು ಸವೆದುಹೋಗಿವೆ. ಕೊಲ್ಹಾಪುರದ ಮಹಾಲಕ್ಷ್ಮಿಯ ಗುಡಿಯಲ್ಲಿಯೂ ಕನ್ನಡ ಶಾಸನಗಳಿವೆ. ಮಿರಜವೂ ಹಳೆಯ ಶಾಸನಗಳಲ್ಲಿ ‘ಮಿರಿಂಜೆ’ ಎಂದು ಬರುತ್ತದೆ.

ಈ ಕಲ್ಲುಗಳನ್ನು ಓದಿದವರು ಯಾರು? ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಕೆ. ಜಿ. ಕುಂದಣಗಾರರು. ಊರೂರು ಅಲೆದು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮುಂದೆ 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮರಾಠಿಯ ಊರಿನಲ್ಲಿದ್ದು ಕನ್ನಡದ ಕಲ್ಲನ್ನು ಓದಿದ ಅವರಿಂದ ಕನ್ನಡಿಗರಿಗೆ ಎಷ್ಟು ಉಪಕಾರವಾಯಿತೋ ಮರಾಠಿಗರಿಗೂ ಅಷ್ಟೇ ಆಯಿತು. ಏಕೆಂದರೆ ಆ ಕಲ್ಲುಗಳಲ್ಲಿರುವುದು ಈ ನೆಲದ ಕಥೆ. ಯಾರು ಕೆರೆ ಕಟ್ಟಿಸಿದರು, ಯಾವ ಗುಡಿಯ ದೀಪಕ್ಕೆ ಯಾವ ಗಾಣದ ಎಣ್ಣೆ, ಯಾರ ತೋಟ ದಾನವಾಯಿತು, ಇಂಥ ಲೆಕ್ಕ ಶಾಸನಗಳಲ್ಲಿ ಇರುತ್ತದೆ. ಆ ಊರುಗಳಲ್ಲಿ ಇಂದು ಯಾವ ಮಾತು ನಡೆಯುತ್ತಿದ್ದರೂ ಅದು ಅಲ್ಲಿ ಬಾಳುವವರೆಲ್ಲರ ಅಜ್ಜಂದಿರ ಕಥೆಯೇ.

ಆದ್ದರಿಂದ ನನ್ನದೊಂದು ವಿನಂತಿ. ನಿಮ್ಮ ಊರಿನ ಹಳೆಯ ಗುಡಿ, ಬಾವಿ, ಅಗಸಿಯ ಹತ್ತಿರ ಮೇಲುಗಡೆ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಹಸು ಕರು ಕೆತ್ತಿದ ಕಲ್ಲು ಇದ್ದರೆ ಅದನ್ನು ಸಾಮಾನ್ಯ ಕಲ್ಲೆಂದು ತಿಳಿಯಬೇಡಿ. ಅದು ಶಾಸನವಿರಬಹುದು. ಅದರ ಮೇಲೆ ಬಟ್ಟೆ ಒಗೆಯಬೇಡಿ, ಸುಣ್ಣ ಬಳಿಯಬೇಡಿ, ಗೋಡೆಗೆ ಸೇರಿಸಬೇಡಿ. ಪೂಜೆ ಮಾಡುವವರು ಎಣ್ಣೆ, ಕುಂಕುಮವನ್ನು ಅಕ್ಷರದ ಮೇಲೆ ಹಚ್ಚದೆ ಮುಂದೆ ಇಡಿ. ಬಿಸಿಲು ಓರೆಯಾಗಿ ಬೀಳುವ ಮುಂಜಾನೆ ಅಥವಾ ಸಂಜೆ ಅದರ ಫೋಟೋ ತೆಗೆದು ಹತ್ತಿರದ ಕಾಲೇಜಿನ ಇತಿಹಾಸ ಇಲ್ಲವೇ ಕನ್ನಡ ಮಾಸ್ತರರಿಗೆ ತೋರಿಸಿ.

ಇನ್ನೊಂದು ವಿನಂತಿ ತಾಯಂದಿರಿಗೆ, ತಂದೆಯಂದಿರಿಗೆ. ಜತ್ತದ ಕಡೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಮರಾಠಿ ನಮ್ಮ ಅನ್ನದ ಭಾಷೆ, ನೆರೆಹೊರೆಯವರ ಭಾಷೆ, ಅದನ್ನು ಚೆನ್ನಾಗಿಯೇ ಕಲಿಯಲಿ. ಆದರೆ ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಕನ್ನಡದ ಅಕ್ಷರವೂ ಬರಲಿ. ದಿನಕ್ಕೆ ಅರ್ಧ ತಾಸು ಸಾಕು. ಅಜ್ಜ ಹೇಳಿದ್ದು ಮೊಮ್ಮಗನಿಗೆ ತಿಳಿಯುವುದಷ್ಟೇ ಅಲ್ಲ, ಮೊಮ್ಮಗ ಅದೇ ಮಾತಿನಲ್ಲಿ ಉತ್ತರ ಕೊಡುವಂತಾಗಲಿ, ಅಜ್ಜನ ಹಳೆಯ ಕಾಗದವನ್ನು ಓದುವಂತಾಗಲಿ. ಕಲ್ಲನ್ನು ಸರಕಾರ ಉಳಿಸಬಹುದು, ಯುನೆಸ್ಕೊ ಉಳಿಸಬಹುದು. ಓದುವ ಕಣ್ಣನ್ನು ಮನೆಯವರೇ ಉಳಿಸಬೇಕು.

ಬರುವ ಭಾನುವಾರ ಬುತ್ತಿ ಕಟ್ಟಿಕೊಂಡು ಮಕ್ಕಳನ್ನು ಖಿದ್ರಾಪುರಕ್ಕೆ ಕರೆದುಕೊಂಡು ಹೋಗಿ. ಸಂಸ್ಕೃತದ ಶಾಸನ ಎಲ್ಲಿದೆ, ಕನ್ನಡದ್ದು ಎಲ್ಲಿದೆ ಎಂದು ಅವರಿಂದಲೇ ಹುಡುಕಿಸಿ. ಒಂದೇ ಒಂದು ಅಕ್ಷರದ ಗುರುತು ಸಿಕ್ಕರೂ ಸಾಕು.